ನೀರುಗಂಡಿ ಮುಚ್ಚಿದ ವರ್ಷ

ನನ್ನ ಮೊದಲ ಇಂಟರ್‌ವ್ಯೂ ನಡೆದದ್ದು ಯಾವ ಆಫೀಸಿನಲ್ಲೂ ಅಲ್ಲ, ಅರ್ಧ ಎಕರೆ ರಾಗಿ ಹೊಲದಲ್ಲಿ. ಪ್ರಶ್ನೆ ಕೇಳಿದವರು ನನ್ನ ಅತ್ತೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಬಳಿ ಇಂಟರ್‌ಮೀಡಿಯಟ್ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್ ಇತ್ತು, ಅದಕ್ಕೆ ಗಾಜಿನ ಫ್ರೇಮೂ ಇತ್ತು. ಉತ್ತರ ಬರೆಯಲು ಅವರು ಕೊಟ್ಟ ಅವಧಿ ಒಂದು ಮಳೆಗಾಲ. ಅರವತ್ತರ ದಶಕದ ಮೊದಮೊದಲ ವರ್ಷಗಳ ಮಾತು. ಈಗಲೂ ಯಾರಾದರೂ "ಪರೀಕ್ಷೆ" ಅಂದರೆ ನನಗೆ ಡೆಸ್ಕು, ಹಾಲ್ ಟಿಕೆಟ್ಟು ನೆನಪಾಗುವುದಿಲ್ಲ. ಮೊಣಕಾಲುದ್ದದ ರಾಗಿಯ ಪೈರು, ಬದುವಿನ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಒಬ್ಬ ಎತ್ತರದ ಹೆಂಗಸು, ಅಷ್ಟೇ ಕಣ್ಣಿಗೆ ಬರುತ್ತದೆ.

ನಾನು ಕಡೂರಿನವಳು. ತಂದೆಗೆ ಕೊಬ್ಬರಿ ವ್ಯಾಪಾರ. ಒಮ್ಮೆ ರೈಲಿನಲ್ಲಿ ಯಾರೋ ಹೆಂಗಸು ಟಿಕೆಟ್ ಕಲೆಕ್ಟರ್ ಜೊತೆ ಇಂಗ್ಲಿಷಿನಲ್ಲಿ ಜಗಳವಾಡಿ ಗೆದ್ದದ್ದನ್ನು ನೋಡಿ ಬಂದರಂತೆ. ಅವತ್ತೇ ತೀರ್ಮಾನವಾಯಿತು, ಮಗಳಿಗೆ ಇಂಗ್ಲಿಷ್ ಕಲಿಸಬೇಕು. ಹೀಗೆ ನಾನು ಹತ್ತನೆಯ ವಯಸ್ಸಿಗೆ ಟ್ರಂಕು ಹಿಡಿದು ಮೈಸೂರಿನ ಕಾನ್ವೆಂಟಿನ ಹಾಸ್ಟೆಲ್ ಸೇರಿದೆ. ಅಲ್ಲಿ ನಮಗೆ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಕ್ಲಾಸಿಗೆ ಬಂದವರೇ ಮೊದಲು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದರು. "ಏರ್, ಗರ್ಲ್ಸ್, ಏರ್!" ಎನ್ನುವುದು ಅವರ ಗುಡ್ ಮಾರ್ನಿಂಗ್. ನೈಟ್ರೋಜನ್ ಸೈಕಲ್ ಪಾಠವಾದಾಗ ನಾನು ಇಡೀ ಭಾನುವಾರ ಕೂತು ಡಯಾಗ್ರಮ್ ಬರೆದೆ. ಕಂದು ಬಣ್ಣದ ಹಸು, ಹಸಿರು ಗಿಡ, ಹಳದಿ ಮಿಂಚು, ನೆಲದೊಳಗೆ ಚುಕ್ಕಿ ಚುಕ್ಕಿಯಾಗಿ ಬ್ಯಾಕ್ಟೀರಿಯಾ. ಒಂದರಿಂದ ಒಂದಕ್ಕೆ ಬಾಣಗಳು. ಸಿಸ್ಟರ್ ಕೆಂಪು ಶಾಯಿಯಲ್ಲಿ "ವೆರಿ ನೀಟ್" ಎಂದು ಬರೆದರು. ನೀಟ್ ಎಂದರು, ಅರ್ಥವಾಗಿದೆ ಎನ್ನಲಿಲ್ಲ. ಆ ವ್ಯತ್ಯಾಸ ನನಗೆ ತಿಳಿಯಲು ಮದುವೆಯಾಗಬೇಕಾಯಿತು.

ಮದುವೆ ಮಾಡಿಕೊಟ್ಟದ್ದು ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಪೂರ್ವಕ್ಕೆ ನಡೆದರೆ ಎರೆಭೂಮಿ, ಈರುಳ್ಳಿ. ಪಶ್ಚಿಮಕ್ಕೆ ತಿರುಗಿ ನಿಂತರೆ ಬೆಟ್ಟದ ಸಾಲು. ಮಾವನವರು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಬೇಸಾಯವೆಲ್ಲ ಅತ್ತೆಯ ಹಿಡಿತದಲ್ಲಿತ್ತು. ನನ್ನ ಯಜಮಾನರು ಒಳ್ಳೆಯ ಕೆಲಸಗಾರರು, ಎತ್ತುಗಳ ಜೊತೆ ಮಾತಾಡುವಷ್ಟು ಸಲೀಸಾಗಿ ಮನುಷ್ಯರ ಜೊತೆ ಆಡುತ್ತಿರಲಿಲ್ಲ. ತಾಯಿಯ ಎದುರಿಗಂತೂ ಅವರ ಡಿಕ್ಷನರಿಯಲ್ಲಿ ಎರಡೇ ಶಬ್ದ. ಒಂದು "ಹೂಂ ಅವ್ವ", ಇನ್ನೊಂದು "ಆಯ್ತವ್ವ".

ಮದುವೆಯಾದ ಎರಡನೆಯ ವರ್ಷದ ಬೇಸಗೆಯಲ್ಲಿ ತರೀಕೆರೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಒಂದು ಕಾಗದ ಬರೆದರು. ಅವರು ನನ್ನ ತಾಯಿಯ ಕಡೆಯ ದೂರದ ಪರಿಚಯ. ತಮ್ಮಲ್ಲಿ ಸೈನ್ಸ್ ಹೇಳುವ ಟೀಚರ್ ದಸರಾ ರಜೆಯ ಹೊತ್ತಿಗೆ ಕೆಲಸ ಬಿಡುತ್ತಾರೆ, ನೀನು ಬರುವುದಾದರೆ ಗೌರಿ ಹಬ್ಬದೊಳಗೆ ತಿಳಿಸು, ಆಮೇಲೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಿದ್ದರು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗೆರೆಯಲ್ಲಿ ಅದು ಹರಿದೇ ಹೋಯಿತು. ನನಗೆ ಆಗ ಬೇರೇನೂ ಬೇಕಿರಲಿಲ್ಲ. ಒಡವೆಯಲ್ಲ, ಸೀರೆಯಲ್ಲ. ಕೈಯಲ್ಲಿ ಚಾಕ್‌ಪೀಸ್, ಎದುರಿಗೆ ಬ್ಲ್ಯಾಕ್‌ಬೋರ್ಡ್, ಅಷ್ಟು ಸಾಕಿತ್ತು.

ಯಜಮಾನರನ್ನು ಕೇಳಿದೆ. ಅವರು ಎತ್ತಿನ ಕೊರಳ ಹಗ್ಗ ಸಡಿಲಿಸುತ್ತಾ, "ನನ್ನೇನು ಕೇಳ್ತೀಯ, ನಂಗೇನೋ ಸಂತೋಷವೇ. ಅವ್ವನ್ನ ಕೇಳು. ಕೇಳೋವಾಗ ನಾನು ತೋಟದ ಕಡೆ ಹೋಗಿರ್ತೀನಿ," ಎಂದರು.

ಅತ್ತೆ ಜಗಲಿಯಲ್ಲಿ ಕೂತು ಬಿತ್ತನೆಯ ರಾಗಿಯನ್ನು ಮೊರದಲ್ಲಿ ಕೇರುತ್ತಿದ್ದರು. ಕಾಗದದ ವಿಷಯ ಹೇಳಿದೆ. ಮೊರ ನಿಲ್ಲಲಿಲ್ಲ.

"ಯಾವ ಪಾಠ ಹೇಳ್ಬೇಕಂತೆ?"

"ಸೈನ್ಸ್ ಅತ್ತೆ. ಗಿಡ, ನೆಲ, ಗೊಬ್ಬರ, ಗಾಳಿ, ಎಲ್ಲಾ ಬರುತ್ತೆ ಅದರಲ್ಲಿ."

ಮೊರ ನಿಂತಿತು. "ನೆಲ ಗೊಬ್ಬರಾನ? ತರೀಕೆರೆ ಮಕ್ಕಳಿಗೆ? ಅಲ್ಲ ಕಣವ್ವ, ನಾನು ಹುಟ್ಟಿದ್ದೇ ತರೀಕೆರೆ ಕೆರೆ ಕೆಳಗಿನ ಗದ್ದೆ ಮನೇಲಿ. ಅಲ್ಲಿ ಮಕ್ಕಳು ಕೆಸರಲ್ಲೇ ನಡಿಗೆ ಕಲೀತವೆ. ಅವಕ್ಕೆ ನೀನು ನೆಲದ ಪಾಠ ಹೇಳ್ತೀಯ?"

"ಪುಸ್ತಕದಲ್ಲಿ ಇರೋದನ್ನ ಹೇಳ್ತೀನಿ ಅತ್ತೆ."

"ಆಯ್ತು. ಬ್ಯಾಡ ಅನ್ನಲ್ಲ. ಬಾವಿ ಪಕ್ಕದ ಅರ್ಧ ಎಕ್ರೆ ಐತಲ್ಲ, ಈ ಸಲ ಅದು ನಿಂದು. ನಿನ್ ಪುಸ್ತಕದಲ್ಲಿ ಇರೋದ್ನೆಲ್ಲ ಮೊದಲು ಅದಕ್ಕೇಳು. ಅದು ಒಪ್ಕೊಂಡ್ರೆ ಆಮ್ಯಾಕೆ ಮಕ್ಕಳಿಗೆ ಹೇಳೀವಂತೆ. ಹೊಲ ಒಪ್ದೇ ಇರೋ ಮಾತ್ನ ಮಕ್ಕಳ ತಲೆಗೆ ತುಂಬಬಾರ್ದು ಕಣೇ."

ಇದು ತಮಾಷೆಯೋ ನಿಜವೋ ಎಂದು ನಾನು ಅವರ ಮುಖ ನೋಡಿದೆ. ಅವರು ಆಗಲೇ ಮತ್ತೆ ಕೇರಲು ಶುರುಮಾಡಿದ್ದರು. "ಗೌರಿ ಹಬ್ಬಕ್ಕೆ ಬಂದು ನೋಡ್ತೀನಿ. ಪೈರು ಹಸ್ರಾಗಿದ್ರೆ ಕಾಗದ ಬರಿ, ಇಲ್ದಿದ್ರೆ ಒಲೆಗೆ ಹಾಕು," ಎಂದರು.

ನಾನು ನಿಜಕ್ಕೂ ಖುಷಿಪಟ್ಟೆ. ಪೂರ್ ಓಲ್ಡ್ ಲೇಡಿ, ಇಷ್ಟು ಸುಲಭದ ಪ್ರಶ್ನೆ ಕೊಟ್ಟುಬಿಟ್ಟರಲ್ಲ ಎನ್ನಿಸಿತು! ಪೈರು ಹಸಿರಾಗಲು ಬೇಕಾದ್ದು ನೈಟ್ರೋಜನ್. ನೈಟ್ರೋಜನ್ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ, ಎಲ್ಲ ನನ್ನ ಟ್ರಂಕಿನೊಳಗಿನ ನೋಟ್‌ಬುಕ್ಕಿನಲ್ಲಿ ಬಣ್ಣಬಣ್ಣವಾಗಿ ಇತ್ತು.

ಮೊದಲ ಕೆಲಸವಾಗಿ ಕುರಿಮಂದೆ ನಿಲ್ಲಿಸಿದೆ. ಬೇಸಗೆಯ ಕೊನೆಗೆ ಯಗಟಿ ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ನಮ್ಮ ಸೀಮೆಗೆ ಬರುತ್ತಿದ್ದರು. ಬರಿ ಹೊಲದಲ್ಲಿ ಕುರಿಗಳನ್ನು ಒತ್ತಾಗಿ ಮಲಗಿಸಿದರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ. ಒಬ್ಬೊಬ್ಬರ ಹೊಲಕ್ಕೆ ಎರಡು ದಿನ, ಮೂರು ದಿನ ಎಂದು ಸರದಿ. ನನ್ನ ಅರ್ಧ ಎಕರೆಗೆ ಮೂರು ದಿನದ ಸರದಿ ಬೇಕೆಂದು ಹಟ ಹಿಡಿದೆ. ಅತ್ತೆ ತಮ್ಮ ಪಾಲಿನ ಒಂದು ದಿನ ಬಿಟ್ಟುಕೊಟ್ಟರು. ಕುರಿ ಎದ್ದುಹೋದ ಬೆಳಿಗ್ಗೆ ಹೊಲದಲ್ಲಿ ಕಣ್ಣು ಉರಿಯುವ ಹಾಗೆ ವಾಸನೆ. "ಅಮೋನಿಯಾ!" ಎಂದು ನಾನು ಕುಣಿದುಬಿಟ್ಟೆ. ಲ್ಯಾಬಿನ ಬಾಟಲಿಯಲ್ಲಿ ಮೂಸಿದ್ದು ಇಲ್ಲಿ ಬಯಲಲ್ಲಿ ಇತ್ತಲ್ಲ. ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು, "ಕುರಿ ಉಚ್ಚೆಗೆ ಇಷ್ಟು ಸಂತೋಷಪಟ್ಟೋರ್ನ ನಾನು ನೋಡಿಲ್ಲಪ್ಪ," ಎನ್ನುತ್ತಾ ಆಗಿಂದಾಗಲೇ ಉತ್ತು ಮಣ್ಣು ಮುಚ್ಚಿದರು. ಮುಚ್ಚದಿದ್ದರೆ ಅರ್ಧ ಸತ್ವ ಬಿಸಿಲಿಗೆ ಹಾರಿಹೋಗುತ್ತದೆಂದು ಅವರಿಗೆ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ.

ಪುನರ್ವಸು ಮಳೆಗೆ ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದೆವು. ಮೊಳಕೆ ಬಂತು ನೋಡಿ, ಹಸಿರು ದಾರದಲ್ಲಿ ರನ್ನಿಂಗ್ ಸ್ಟಿಚ್ ಹಾಕಿದಂತೆ ಸಾಲು ಸಾಲು. ದಿನಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತಿದ್ದೆ. ಮಾತಾಡಿಸುತ್ತಿದ್ದೆ ಕೂಡ, ಯಾರೂ ಇಲ್ಲದಾಗ, ಇಂಗ್ಲಿಷಿನಲ್ಲಿ.

ಮೂರನೆಯ ವಾರಕ್ಕೆ ಯಜಮಾನರು ಹಲುಬೆ ಹೊತ್ತು ತಂದರು. ಹಲುಬೆ ಎಂದರೆ ಹಲ್ಲುಗಳಿರುವ ಮರದ ತೊಲೆ, ದೊಡ್ಡದೊಂದು ಬಾಚಣಿಗೆಯ ಹಾಗೆ. ಅದನ್ನು ಎತ್ತಿಗೆ ಕಟ್ಟಿ ಎಳೆಪೈರಿನ ಮೇಲೆಯೇ ಎಳೆದುಬಿಡುತ್ತಾರೆ. ಪಕ್ಕದ ಹೊಲದಲ್ಲಿ ಅತ್ತೆ ಹೊಡೆಸುತ್ತಿದ್ದುದನ್ನು ನೋಡಿದೆ. ಎಷ್ಟೋ ಪೈರು ಕಿತ್ತುಬಂತು, ಉಳಿದದ್ದು ಅಂಗಾತ ಮಲಗಿತು. ಜಡೆ ಹಿಡಿದು ಎಳೆದ ಹಾಗಿತ್ತು. ನನ್ನ ಹೊಲಕ್ಕೆ ಬರಕೂಡದೆಂದು ಅಡ್ಡ ನಿಂತೆ.

"ಎಲ್ಲಾರೂ ಹೊಡೀತಾರೆ ಕಣೇ," ಎಂದರು ಯಜಮಾನರು.

"ಎಲ್ಲಾರೂ ಮಾಡ್ತಾರೆ ಅಂತ ನಾವೂ ಮಾಡ್ಬೇಕೇನ್ರಿ? ಇದು ಕ್ರೂಯಲ್ಟಿ."

"ಏನು?"

"ಕ್ರೌರ್ಯ ಅಂದೆ."

ಅವರು ಎತ್ತುಗಳನ್ನು ನೋಡಿದರು, ಎತ್ತುಗಳು ಅವರನ್ನು ನೋಡಿದವು. ಹಲುಬೆ ವಾಪಸು ಹೋಯಿತು.

ಅದು ಮೊದಲನೆಯ ತಪ್ಪು. ಎರಡನೆಯದು ಕಡೂರಿನವರು ಮಾತ್ರ ಮಾಡಬಹುದಾದದ್ದು.

ನಮ್ಮ ಕಡೂರಿನಲ್ಲಿ ಮಳೆ ಅಪರೂಪದ ನೆಂಟರ ಹಾಗೆ, ಬಂದರೆ ಹೋಗಲು ಬಿಡಬಾರದು. ಪ್ರತಿ ತೆಂಗಿನ ಮರಕ್ಕೂ ಬುಡದಲ್ಲಿ ಪಾತಿ. ಒಂದು ಹನಿ ಹೊರಗೆ ಹರಿದರೆ ನಮ್ಮ ತಾತ ಊಟ ಬಿಟ್ಟು ಎದ್ದುಹೋಗಿ ಮಣ್ಣು ಹಾಕಿ ಕಟ್ಟುತ್ತಿದ್ದರು. ಆ ಬುದ್ಧಿ ನನ್ನ ರಕ್ತದಲ್ಲಿತ್ತು. ಇಲ್ಲಿ ನೋಡಿದರೆ ಪ್ರತಿ ಹೊಲದ ತಗ್ಗಿನ ಮೂಲೆಯಲ್ಲಿ ಬದು ಕಡಿದು ನೀರು ಹೊರಗೆ ಹೋಗಲು ಒಂದು ಗಂಡಿ ಬಿಟ್ಟಿದ್ದರು. ಮಳೆಯ ನೀರು ಅದರಲ್ಲಿ ಕಂದು ಬಣ್ಣಕ್ಕೆ ಹರಿದು ಹೋಗುವುದನ್ನು ನೋಡಿದೆ. ನನ್ನ ಮೂರು ದಿನದ ಕುರಿಗೊಬ್ಬರ, ನನ್ನ ನೈಟ್ರೋಜನ್ ಎಲ್ಲ ಪಕ್ಕದ ಹಳ್ಳಕ್ಕೆ ಹೋಗುತ್ತಿದೆ! ಪುಷ್ಯ ಮಳೆಯ ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು, ಆ ನೀರುಗಂಡಿಯನ್ನು ಕಲ್ಲು ಮಣ್ಣು ತುಂಬಿ ಮೆಟ್ಟಿ ಮೆಟ್ಟಿ ಮುಚ್ಚಿದೆ. ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದೆ. ಅಷ್ಟು ಹೆಮ್ಮೆ.

ಬೆಟ್ಟದ ಕಡೆಯಿಂದ ಮೋಡ ಬಂದು ಕೂತದ್ದು ಎದ್ದೇಳಲಿಲ್ಲ. ಎಂಟು ದಿನ ಬಿಟ್ಟೂ ಬಿಡದೆ ಸುರಿಯಿತು. ನನ್ನ ಹೊಲದ ಕೆಳಗೆ ಜೇಡಿಮಣ್ಣು, ನೀರು ಇಂಗುವುದು ನಿಧಾನ. ಪಾದ ಮುಳುಗುವಷ್ಟು ನೀರು ನಿಂತು, ಮೇಲೆ ಮೋಡದ ನೆರಳು ಬಿದ್ದು ನೋಡಲು ಬಹಳ ಚೆನ್ನಾಗಿತ್ತು. ಪೈರಿನ ತುದಿ ಮೊದಲು ಹಳದಿಯಾಯಿತು. ಆಮೇಲೆ ಕೆಳಗಿನ ಎಲೆಗಳು. ಎರಡನೆಯ ವಾರಕ್ಕೆ ಅತ್ತೆಯ ಹೊಲ ಗಿಳಿಯ ಬಣ್ಣ, ನನ್ನದು ಕಾಮಾಲೆಯವರ ಕಣ್ಣಿನ ಬಣ್ಣ. ಮಧ್ಯೆ ಇದ್ದದ್ದು ಒಂದೇ ಬದು.

ನೈಟ್ರೋಜನ್ ಸಾಲದು ಎಂದುಕೊಂಡೆ. ಯಜಮಾನರಿಗೆ ದುಂಬಾಲು ಬಿದ್ದು ಸೊಸೈಟಿಯಿಂದ ಒಂದಷ್ಟು ಬಿಳಿ ಗೊಬ್ಬರ ತರಿಸಿದೆ. ಅಮೋನಿಯಂ ಸಲ್ಫೇಟ್, ಸಕ್ಕರೆಯ ಹಾಗೆ. ನಿಂತ ನೀರಿಗೆ ಎರಚಿದೆ. ಏನೂ ಆಗಲಿಲ್ಲ. ಇನ್ನಷ್ಟು ಹಳದಿಯಾಯಿತು. ಹೆಡ್‌ಮಿಸ್ಟ್ರೆಸ್ ಕಡೆಯಿಂದ ಒಂದು ಕಾರ್ಡು ಬಂತು, ನಿನ್ನ ಉತ್ತರ ಕಾಯುತ್ತಿದ್ದೇನೆ ಎಂದು. ಗೌರಿ ಹಬ್ಬ ಆ ವರ್ಷ ತಡವಾಗಿತ್ತು, ಆದರೂ ಉಳಿದದ್ದು ಮೂರು ವಾರ. ನಾನು ಅನ್ನಕ್ಕೆ ಕೂತರೆ ತಟ್ಟೆಯ ತೊವ್ವೆಯೂ ನನ್ನ ಹೊಲದ ಬಣ್ಣವೇ ಎನ್ನಿಸಿ ತಟ್ಟೆ ಸರಿಸಿ ಏಳುತ್ತಿದ್ದೆ.

ಕೊನೆಗೆ ನಾನೇ ಹೋಗಿ ಅತ್ತೆಯ ಮುಂದೆ ನಿಂತೆ.

"ಅತ್ತೆ, ಪೈರು ಯಾಕೆ ಹಿಂಗಾಯ್ತು?"

"ಅದ್ನ ನೀನು ಹೇಳ್ಬೇಕು. ಪುಸ್ತಕ ಓದಿರೋಳು ನಾನಾ ನೀನಾ?"

"ನೀರು ಜಾಸ್ತಿ ಆಯ್ತು ಅಂತೀರಾ? ಭತ್ತ ನೀರಲ್ಲೇ ನಿಲ್ಲುತ್ತಲ್ಲ? ನಿಮ್ಮ ತರೀಕೆರೇಲಿ?"

ಅತ್ತೆ ನಕ್ಕರು. ಅವರ ನಗು ಎಲೆಯಡಿಕೆಯ ಕೆಂಪಿನ ನಗು. "ಭತ್ತ ಬಾತುಕೋಳಿ ಕಣೇ, ರಾಗಿ ಊರ ಕೋಳಿ. ಎರಡಕ್ಕೂ ರೆಕ್ಕೆ ಐತೆ ಅಂತ ಎರಡ್ನೂ ಕೆರೆಗೆ ಬಿಟ್ರೆ? ಕಡೂರಿನೋರು ನೀರು ಕಂಡ್ರೆ ಸಾಕು, ಕಟ್ಟೆ ಕಟ್ತೀರ. ಹೋಗು, ಒಂದು ಪೈರು ಕಿತ್ತು ಬೇರು ಮೂಸಿ ನೋಡು. ನಂಗೆ ಹೇಳ್ಬ್ಯಾಡ, ನೀನೇ ನೋಡು."

ಹೋದೆ. ನೀರಿನೊಳಗೆ ಕೈ ಹಾಕಿ ಒಂದು ಬುಡ ಕಿತ್ತೆ. ಬೇರು ಬಿಳಿಯಾಗಿರಲಿಲ್ಲ, ಕಂದಾಗಿ, ಮೊಂಡಾಗಿ, ಲೋಳೆಯಾಗಿತ್ತು. ಅಂಟಿಕೊಂಡ ಮಣ್ಣಿನ ಬಣ್ಣ ಬೂದಿನೀಲಿ. ಮೂಸಿದರೆ ಕೆಟ್ಟ ಮೊಟ್ಟೆಯ ನಾತ. ಅದೇ ಮಣ್ಣಿಗೆ ಬೇಸಗೆಯಲ್ಲಿ ಎಂಥ ಒಳ್ಳೆಯ ವಾಸನೆಯಿತ್ತು! ಕೈಯಲ್ಲಿ ಆ ಬುಡ ಹಿಡಿದುಕೊಂಡೇ ನಿಂತಿದ್ದೆ. ಆಗ ಯಾಕೋ, ಎಲ್ಲಿಂದಲೋ, ಸಿಸ್ಟರ್ ಕಿಟಕಿ ತೆರೆಯುವ ಸದ್ದು ಕಿವಿಗೆ ಬಂತು. ಏರ್, ಗರ್ಲ್ಸ್.

ಓಡಿದೆ. ಕೆಸರು ಕಾಲಲ್ಲೇ ಒಳಗೆ ಹೋಗಿ ಟ್ರಂಕಿನಿಂದ ನೋಟ್‌ಬುಕ್ ತೆಗೆದೆ. ಹಸು, ಗಿಡ, ಮಿಂಚು. ಮೂಲೆಯಲ್ಲಿ ಒಂದು ಬಾಣ, ನೆಲದಿಂದ ಎದ್ದು ನೇರ ಆಕಾಶಕ್ಕೆ. ಅದನ್ನು ಬಿಡಿಬಿಡಿ ಗೆರೆಯಲ್ಲಿ ಬರೆದಿದ್ದೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ. ಪಕ್ಕದಲ್ಲಿ ನನ್ನದೇ ಮುದ್ದಾದ ಅಕ್ಷರ: ಡಿನೈಟ್ರಿಫಿಕೇಷನ್, ಗಾಳಿಯಾಡದ ಮಣ್ಣಿನಲ್ಲಿ ನೈಟ್ರೋಜನ್ ಮತ್ತೆ ಆಕಾಶಕ್ಕೆ. ಇದನ್ನು ನಾನು ಪರೀಕ್ಷೆಯಲ್ಲೂ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಸ್ಟುಪಿಡ್ ಗರ್ಲ್! ಒಳ್ಳೆಯ ಗೊಬ್ಬರವನ್ನೆಲ್ಲ ನೆಲಕ್ಕೆ ಕೊಟ್ಟು, ಬಾಗಿಲು ಮುಚ್ಚಿ, ಚಿಮಣಿಯ ಮೂಲಕ ಮೇಲಕ್ಕೆ ಕಳಿಸಿದ್ದೆ.

ನೀರುಗಂಡಿಯನ್ನು ನಾನೇ ಕಡಿದು ತೆಗೆದೆ. ಹದಿನೈದು ದಿನದ ನೀರು ಗಳಗಳನೆ ಹೋಯಿತು. ಅತ್ತೆ ಬದುವಿನ ಮೇಲೆ ಬಂದು ನಿಂತರು.

"ಮುಂದೇನು ಮಾಡ್ಬೇಕಂತೆ ಪುಸ್ತಕದಲ್ಲಿ?"

"ಪುಸ್ತಕದಲ್ಲಿ ಬಾಣ ಮಾತ್ರ ಇದೆ ಅತ್ತೆ. ಮುಂದೇನು ಅಂತ ಇಲ್ಲ."

"ಹಲುಬೆ ಹೊಡೀಬೇಕು."

"ಈ ಸ್ಥಿತೀಲಾ? ಇದ್ದಬದ್ದದ್ದೂ ಕಿತ್ತು ಬರುತ್ತೆ."

"ಈಗಲ್ಲ ಕಣೇ, ಈಗ ಹೊಡೆದ್ರೆ ಮಣ್ಣು ಇಟ್ಟಿಗೆ ಆಯ್ತದೆ. ಹದ ಬರ್ಲಿ. ಮುದ್ದೆಗೆ ಹದ ಇಲ್ವಾ? ನೀರು ಕಡಿಮೆ ಆದ್ರೆ ಗಂಟು, ಜಾಸ್ತಿ ಆದ್ರೆ ಅಂಬಲಿ. ನೆಲಾನೂ ಹಂಗೇಯ."

ಹದ ಎಂಬುದನ್ನು ಅವರು ನನಗೆ ಹೇಳಿಕೊಟ್ಟದ್ದು ಹೀಗೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಬೇಕು. ಬೆರಳ ಸಂದಿಯಿಂದ ನೀರು ಬಂದರೆ ಇನ್ನೂ ಬೇಗ. ಉಂಡೆಯಾದರೆ ಸೊಂಟದೆತ್ತರದಿಂದ ಕೈಬಿಡಬೇಕು. ಬಿದ್ದಲ್ಲೇ ರೊಟ್ಟಿಯಂತೆ ಚಪ್ಪಟೆಯಾದರೆ ಕಾಯಬೇಕು. ಪಟಕ್ಕೆಂದು ಒಡೆದು ಹುಡಿಯಾದರೆ ಹದ. ಉಂಡೆಯೇ ಕಟ್ಟದಿದ್ದರೆ ಹದ ಮೀರಿತು. ಮೊದಲ ದಿನ ರೊಟ್ಟಿ. ಎರಡನೆಯ ದಿನವೂ ರೊಟ್ಟಿ, ಸ್ವಲ್ಪ ದಪ್ಪ. ಮೂರನೆಯ ದಿನ ಬೆಳಿಗ್ಗೆ ಬೆಟ್ಟದ ಮೇಲೆ ಮತ್ತೆ ಮೋಡ. ನಾನು ಮಂಡಿಯೂರಿ, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳನ್ನೆಲ್ಲ ಹೇಳಿ, ಸಾಲದೆಂದು ಮನೆದೇವರಿಗೂ ಹರಕೆ ಹೊತ್ತೆ. ಮಳೆ ಬರಬೇಡ ಎಂದು ಬೇಡಿಕೊಂಡ ಕಡೂರಿನ ಹೆಣ್ಣು ನಾನೊಬ್ಬಳೇ ಇರಬೇಕು. ನಮ್ಮ ತಾತ ಕೇಳಿದ್ದರೆ ಮಾತು ಬಿಡುತ್ತಿದ್ದರು.

ಮೋಡ ಅಜ್ಜಂಪುರದ ಕಡೆ ಸರಿದುಹೋಯಿತು. ನಾಲ್ಕನೆಯ ದಿನ ಉಂಡೆ ಬಿತ್ತು, ಒಡೆಯಿತು.

"ಲೇ, ಎತ್ತು ಕಟ್ಟೋ!" ಎಂದು ಅತ್ತೆ ಮಗನಿಗೆ ಕೂಗಿದರು. ಯಜಮಾನರು ಆಗಲೇ ಕಟ್ಟಿಕೊಂಡು ಮಾವಿನ ಮರದ ಹಿಂದೆ ಕಾಯುತ್ತಿದ್ದರು.

ನಾನು ಕಣ್ಣು ಮುಚ್ಚಿಕೊಂಡೆ. ಹಲುಬೆಯ ಹಲ್ಲುಗಳು ಮಣ್ಣಿನ ಮೇಲಿನ ಗಟ್ಟಿ ಪದರವನ್ನು ಸೀಳುವ ಸದ್ದು ಮಾತ್ರ ಕೇಳಿಸಿತು, ಕರ್ರ್ ಕರ್ರ್ ಎಂದು, ಒಣ ಹಪ್ಪಳ ಮುರಿದ ಹಾಗೆ. ಕಣ್ಣು ಬಿಟ್ಟರೆ ನನ್ನ ಹೊಲ ಹಾಸಿಗೆಯಿಂದ ಎದ್ದ ಮಗುವಿನ ತಲೆ. ಅಲ್ಲಲ್ಲಿ ಕಿತ್ತುಬಿದ್ದ ಪೈರು, ಉಳಿದದ್ದು ಸೋತು ಮಲಗಿದೆ. ನಾನು ಅತ್ತೇಬಿಟ್ಟೆ. ಅತ್ತೆ ಒಂದು ಬೆಲ್ಲದ ಚೂರು ಕೈಗಿಟ್ಟು, "ತಿನ್ನು. ನಿಂಗೂ ಉಸ್ರು ಬರ್ಲಿ," ಎಂದರು.

ಮೂರು ದಿನಕ್ಕೆ ಮಲಗಿದ ಪೈರು ಎದ್ದಿತು. ಐದನೆಯ ದಿನ ಮಧ್ಯದ ಸುಳಿಯಲ್ಲಿ ಒಂದು ಹೊಸ ಎಲೆ, ಹಸಿರು, ಬೇರೆಯೇ ಹಸಿರು. ನಾನು ಅದನ್ನು ನೋಡಿ ಯಜಮಾನರನ್ನು ಕರೆದೆ, ಅವರು ನೋಡಿ ಎತ್ತುಗಳಿಗೂ ತೋರಿಸಿದರು. ಬೇರು ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ದಾರಗಳು ಹೊರಟಿದ್ದವು. ಹತ್ತು ದಿನ ಕಳೆಯುವಷ್ಟರಲ್ಲಿ ಪ್ರತಿ ಬುಡವೂ ನಾಲ್ಕು, ಐದು ತೆಂಡೆ, ಎಂದರೆ ಮರಿಕವಲು, ಒಡೆದು ಅಕ್ಕಪಕ್ಕದ ಖಾಲಿ ಜಾಗವನ್ನೆಲ್ಲ ತುಂಬಿತು. ಆಕಾಶಕ್ಕೆ ಹೋದದ್ದು ಹೋಗಿತ್ತು. ಆದರೆ ಕುರಿಯ ಹಿಕ್ಕೆಯಲ್ಲಿ ಇನ್ನೂ ಕೊಳೆಯದೆ ಉಳಿದಿದ್ದ ಸತ್ವವನ್ನು ಗಾಳಿ ಕಂಡ ಮಣ್ಣು ಬಡಿಸಲು ಶುರುಮಾಡಿತ್ತು.

ಗೌರಿ ಹಬ್ಬದ ಹಿಂದಿನ ದಿನ ಸಂಜೆ, ಬಾಗಿನದ ಮೊರಗಳಿಗೆ ಅರಿಸಿನ ಹಚ್ಚಿ ಒಣಗಲಿಟ್ಟು ಇಬ್ಬರೂ ಹೊಲಕ್ಕೆ ಹೋದೆವು. ಪೈರು ಅತ್ತೆಯ ಹೊಲದಷ್ಟು ಎತ್ತರವಿರಲಿಲ್ಲ. ಬಣ್ಣ ಮಾತ್ರ ಒಂದೇ. ಆದರೂ ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅತ್ತೆ, ಇದನ್ನ ಹಸಿರು ಮಾಡಿದ್ದು ನಾನಲ್ಲ. ನಾನು ಹಳದಿ ಮಾಡಿದ್ದು. ಕಾಗದ ಒಲೆಗೆ ಹಾಕ್ತೀನಿ."

"ಹಾಕೀವಂತೆ, ಒಲೆ ಎಲ್ಲಿಗೂ ಓಡಿಹೋಗಲ್ಲ. ಕೂತ್ಕೋ. ಹಲುಬೆ ಹೊಡೆದ್ರೆ ಹಸ್ರಾಗ್ತದೆ ಅಂತ ನಂಗೆ ಗೊತ್ತು, ನಮ್ಮವ್ವಂಗೂ ಗೊತ್ತಿತ್ತು. ಯಾಕಾಗ್ತದೆ ಅಂತ ಗೊತ್ತಿಲ್ಲ. ನಿಂಗೊತ್ತಾ?"

ಬದುವಿನ ಮೇಲೆ ಕೂತು ಹೇಳಿದೆ. ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಊರೂರೇ ಇವೆ ಎಂದೆ. ಹಿಕ್ಕೆ ಗಂಜಲವನ್ನು ಕೆಲವು ಅಡುಗೆ ಮಾಡುತ್ತವೆ, ಇನ್ನು ಕೆಲವು ಅದನ್ನು ಬೇರಿಗೆ ಹಿಡಿಸುವಂತೆ ಹದ ಮಾಡಿ ಬಡಿಸುತ್ತವೆ. ಈ ಬಡಿಸುವವಕ್ಕೆ ನೀರೂ ಬೇಕು, ಉಸಿರೂ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದಿ, ಅರ್ಧ ನೀರು ಅರ್ಧ ಗಾಳಿ ಇದ್ದರೆ ಅವಕ್ಕೆ ಹಬ್ಬ. ತೀರಾ ಒಣಗಿದರೆ ಮಲಗಿಬಿಡುತ್ತವೆ. ನೀರು ನಿಂತರೆ ಗಾಳಿ ಹೊರಟುಹೋಗುತ್ತದೆ. ಆಗ ಬೇರೆ ಒಂದು ಜಾತಿ ಏಳುತ್ತದೆ. ಅವಕ್ಕೆ ಗಾಳಿ ಸಿಗದಿದ್ದರೆ ಬಡಿಸಿಟ್ಟ ಅಡುಗೆಯೊಳಗಿನ ಉಸಿರನ್ನೇ ಕಿತ್ತುಕೊಳ್ಳುತ್ತವೆ, ಉಳಿದದ್ದು ಗಾಳಿಯಾಗಿ ಆಕಾಶಕ್ಕೆ ಹಾರುತ್ತದೆ.

ಅತ್ತೆ ಬಾಯಿಯ ಎಲೆಯಡಿಕೆ ಅಗಿಯುವುದನ್ನೇ ಮರೆತು ಕೇಳುತ್ತಿದ್ದರು. "ಅಂದ್ರೆ ನನ್ ಹಲುಬೆ ಕಿಟಕಿ ತೆಗೀತದೆ ಅನ್ನು."

"ಹೂಂ ಅತ್ತೆ. ಎಕ್ಸ್ಯಾಕ್ಟ್‌ಲಿ!"

"ಹೌದಾ? ಸರಿ, ಹಂಗಾದ್ರೆ ಬಿಳಿ ಗೊಬ್ಬರ ಎರಚಿದ್ಯಲ್ಲ, ಅದ್ಯಾಕೆ ಕೆಲಸ ಮಾಡ್ಲಿಲ್ಲ?"

"ಬೇರಿಗೇ ಉಸಿರು ಕಟ್ಟಿತ್ತು. ಮೂಗು ಮುಚ್ಚಿ ಹಿಡಿದು ಪಾಯಸ ಬಡಿಸಿದ ಹಾಗೆ."

"ಇದು ಮಾತು! ಮತ್ತೆ ನಮ್ಮ ತರೀಕೆರೆ ಗದ್ದೆ? ಅಲ್ಲಿ ವರ್ಷವೆಲ್ಲ ನೀರು. ಅಲ್ಲಿ ಬಡಿಸೋರ್ಯಾರು?"

ನಾನು ಬಾಯಿ ತೆರೆದೆ. ಭತ್ತದ ಕಾಂಡ ಮೇಲಿನಿಂದ ಬೇರಿಗೆ ಗಾಳಿ ಇಳಿಸುತ್ತದೆ ಎಂದು ಎಲ್ಲೋ ಓದಿದ ನೆನಪಿತ್ತು. ಆದರೆ ಊಟ ಎಲ್ಲಿಂದ, ಯಾವ ರೂಪದಲ್ಲಿ? ಡಯಾಗ್ರಮ್ ಇಡೀ ಕಣ್ಣ ಮುಂದೆ ಬಂತು. ಅದರಲ್ಲಿ ಗದ್ದೆ ಇರಲಿಲ್ಲ.

"ಗೊತ್ತಿಲ್ಲ ಅತ್ತೆ."

"ಏನಂದೆ?"

"ನಂಗೆ ಗೊತ್ತಿಲ್ಲ. ಹುಡುಕಿ ಹೇಳ್ತೀನಿ."

ಅತ್ತೆ ಎದ್ದು ಸೆರಗು ಕೊಡವಿದರು. "ಬೇಸಗೇಲಿ ಕೇಳಿದ್ದಿದ್ರೆ ಏನಾದ್ರೂ ಒಂದು ಕಟ್ಟಿ ಹೇಳ್ತಿದ್ದೆ ನೀನು. ನಡಿ ಮನೆಗೆ. ಬರಿ ಕಾಗದಾನ."

"ಒಪ್ಪಿದ್ರಾ?"

"ಹೊಲ ಒಪ್ತಲ್ಲ, ನಂದೇನು. ಇಂಗ್ಲಿಷಲ್ಲೇ ಬರಿ, ನಮ್ ತೌರಿನೋರು ನೋಡ್ಲಿ."

ಅವತ್ತು ಹೊಲದಿಂದ ಮನೆಯವರೆಗೆ ನಾನು ನಡೆದದ್ದು ನೆನಪಿಲ್ಲ. ಓಡಿರಬೇಕು. ಇನ್‌ಲ್ಯಾಂಡ್ ಲೆಟರಿನ ಮೇಲೆ "ರೆಸ್ಪೆಕ್ಟೆಡ್ ಮೇಡಂ" ಎಂದು ಬರೆಯುವಾಗ ಉಗುರಿನಲ್ಲಿ ಕೆಮ್ಮಣ್ಣಿತ್ತು. ಕಾಗದದ ಅಂಚಿಗೆ ಅದರ ಗುರುತು ಬಿತ್ತು. ಅಳಿಸಲಿಲ್ಲ.

ದಸರಾ ರಜೆ ಮುಗಿದ ಸೋಮವಾರ ಬೆಳಗಿನ ಬಸ್ಸಿಗೆ ಹೊರಟೆ. ಅತ್ತೆಯೂ ಹೊರಟರು, ತೌರುಮನೆ ನೋಡಿ ಬಹಳ ದಿನವಾಯಿತೆಂದು. ಬಸ್ಸು ಕಿಕ್ಕಿರಿದಿತ್ತು. ಅತ್ತೆ ಹತ್ತಿದವರೇ, "ಏನಪ್ಪಾ, ಎದ್ದು ಜಾಗ ಕೊಡು. ನನ್ ಸೊಸೆ ಮೇಷ್ಟ್ರು, ನಿಂತ್ಕೊಂಡು ಹೋದ್ರೆ ಕಾಲು ನೋಯ್ತದೆ," ಎಂದು ಒಬ್ಬರನ್ನು ಎಬ್ಬಿಸಿದರು.

ಕಂಡಕ್ಟರ್ ನಕ್ಕ. "ಹೆಂಗಸ್ರಿಗೆ ಮೇಷ್ಟ್ರು ಅನ್ನಲ್ಲ ಅಜ್ಜಿ, ಟೀಚರಮ್ಮ ಅಂತಾರೆ."

"ಏನಾದ್ರೂ ಅನ್ನಪ್ಪ. ಗೊತ್ತಿಲ್ಲದ್ನ ಗೊತ್ತಿಲ್ಲ ಅಂತಾಳೆ, ಅಂಥ ಮೇಷ್ಟ್ರು ನಿಮ್ಮೂರಲ್ಲಿ ಇದಾರಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಸ್ಸಿಗೆ ಬಸ್ಸೇ ನನ್ನನ್ನು ನೋಡುತ್ತಿತ್ತು.

ಏಳನೆಯ ಕ್ಲಾಸಿನಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗಿಯರು. ಎರಡು ಜಡೆ, ಎಣ್ಣೆ ಹಚ್ಚಿದ ತಲೆಗಳು, ಕನಕಾಂಬರ. ಎಲ್ಲರೂ ಒಟ್ಟಿಗೆ ಎದ್ದು "ಗುಡ್ ಮಾರ್ನಿಂಗ್ ಟೀಚರ್" ಎಂದಾಗ ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ನಿಮ್ಮಲ್ಲಿ ಯಾರ ಮನೆಯಲ್ಲಿ ಗದ್ದೆ ಇದೆ ಎಂದು ಕೇಳಿದೆ. ಕೈಗಳು ಎದ್ದವು. ಯಾರ ಮನೆಯಲ್ಲಿ ರಾಗಿ ಹೊಲ? ಇನ್ನಷ್ಟು ಕೈ. ಬೋರ್ಡಿನ ಮೇಲೆ ಒಂದು ಹಸು ಬರೆಯಲು ಹೋದೆ, ಅದು ಕುರಿಯ ಹಾಗಾಯಿತು, ಹುಡುಗಿಯರು ಕಿಸಕ್ಕೆಂದರು, ನಾನೂ ನಕ್ಕೆ.

ಅರ್ಧ ಪಾಠವಾಗಿರಬೇಕು. ಹಿಂದಿನ ಬೆಂಚಿನ ಹುಡುಗಿಯರು ಪಕ್ಕಕ್ಕೆ ತಿರುಗಿ ತಿರುಗಿ ನೋಡತೊಡಗಿದರು. ನಾನೂ ನೋಡಿದೆ. ಕಿಟಕಿಯ ಸರಳು ಹಿಡಿದುಕೊಂಡು, ಬಗಲಲ್ಲಿ ತೌರಿಗೆಂದು ತಂದ ಹುರುಳಿಯ ಗಂಟು ಇಟ್ಟುಕೊಂಡು, ಅತ್ತೆ ನಿಂತಿದ್ದರು. ಅವರು ತೌರುಮನೆಗೆ ಹೋಗಿಯೇ ಇರಲಿಲ್ಲ.

ನಾನು ಮಾತು ನಿಲ್ಲಿಸಿದ್ದು ಕಂಡು ಅವರಿಗೆ ಸಿಟ್ಟು ಬಂತು.

"ಯಾಕೆ ನಿಲ್ಲಿಸ್ದೆ? ಹೇಳು," ಎಂದರು. "ಸ್ವಲ್ಪ ಜೋರಾಗಿ ಹೇಳು ಕಣೇ, ಇಲ್ಲಿಗೆ ಕೇಳಾಕಿಲ್ಲ."